ಬಸ್ಸಿನಲ್ಲಿ ಕಳೆದ ಉಂಗುರ

ಪ್ಯಾಂಟಿನ ಹಳೆಯ ಜಿಪ್ಪನ್ನು ಅವಳು ಅರ್ಧ ಬಿಚ್ಚಿದ್ದಳು. ಬ್ಲೇಡಿನ ತುಂಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸುವುದು, ದಾರದ ಚೂರುಗಳನ್ನು ಉಗುರಿನಿಂದ ಹೆಕ್ಕಿ ತೆಗೆಯುವುದು. ಪ್ಯಾಂಟು ಮೂಲೆಯ ಬೇಕರಿಯವನದು. ವರ್ಷಕ್ಕೆರಡು ಸಲ ಅವನ ಜಿಪ್ಪು ಕೈಕೊಡುತ್ತದೆ. ಹೊಟ್ಟೆ ಬಂದಿದೆ ಎಂದು ಅವನು ಒಪ್ಪುವುದಿಲ್ಲ. ಈಗಿನ ಜಿಪ್ಪುಗಳಲ್ಲಿ ದಮ್ಮಿಲ್ಲ ಎನ್ನುತ್ತಾನೆ. ಆದರೆ ಸೊಂಟದ ಪಟ್ಟಿಯ ಒಳಗಡೆ ಅವಳೇ ಹಾಕಿ, ಅವಳೇ ಬಿಚ್ಚಿದ ಹೊಲಿಗೆಗಳ ಗುರುತು ಸಾಲು ಸಾಲಾಗಿ ಉಳಿದಿದೆ: ಎರಡು ವರ್ಷದ ಹಿಂದಿನ ಹೊಟ್ಟೆ, ಹೋದ ವರ್ಷದ ಹೊಟ್ಟೆ, ಸದ್ಯದ ಹೊಟ್ಟೆ.

ಮಿಷನ್ನಿನ ಪಕ್ಕದಲ್ಲಿ ಬಾಬಿನ್ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಟೋಪಿ ಮಾವ ಮಂಡಿಯೂರಿ ನೆಲ ಕೆದಕುತ್ತಿದ್ದ. ಅವನು ಯಾವ ದೇಶದವನೋ, ಅವನ ನಿಜವಾದ ಹೆಸರೇನೋ, ಅವಳು ತಲೆಕೆಡಿಸಿಕೊಂಡಿರಲಿಲ್ಲ. ಅಗಲ ಟೋಪಿ, ಮೊಣಕಾಲಿಗೆ ರಬ್ಬರ್ ಪಟ್ಟಿ, ಕೈಯಲ್ಲಿ ಲೋಹ ಹುಡುಕುವ ಯಂತ್ರ. ಉದ್ದ ಕೋಲಿನ ತುದಿಯಲ್ಲೊಂದು ತಟ್ಟೆ, ಹಿಡಿಯ ಹತ್ತಿರ ಅಂಕಿ ತೋರಿಸುವ ಪುಟ್ಟ ಪರದೆ. ಉತ್ತು ಬಿಟ್ಟ ಹೊಲಗಳಲ್ಲಿ ಅದನ್ನು ಬೀಸುತ್ತಾ ಹೋಗುತ್ತಾನೆ. ಅದು ಕೂಗಿದಲ್ಲಿ ಅಗೆಯುತ್ತಾನೆ. ನೂರಕ್ಕೆ ತೊಂಬತ್ತು ಸಲ ಮೊಳೆಯೋ ಬಾಟಲಿ ಮುಚ್ಚಳವೋ ಸಿಗುತ್ತದೆ. ಆದರೂ ಮುಖ ಸಪ್ಪಗಾಗುವುದಿಲ್ಲ. ಅವಳಿಗೆ ಮೆಚ್ಚುಗೆಯಾದದ್ದೇ ಅದು. ಗಂಡಸೊಬ್ಬ ಹುಡುಕಿದ್ದು ಸಿಗದಿದ್ದರೂ ಮನೆಯವರ ಮೇಲೆ ರೇಗದೆ ಇರುವುದನ್ನು ಅವಳು ಮೊದಲು ನೋಡಿದ್ದು ಈ ಮೊಬೈಲಿನಲ್ಲೇ.

"ಏನು ಸಿಕ್ತಂತೆ ಅವನಿಗೆ?" ಎಂದರು ಅತ್ತೆ, ಕಿಟಕಿಯ ಬಳಿಯ ಕುರ್ಚಿಯಿಂದ.

"ಗುಂಡಿ, ಅತ್ತೆ. ಅಂಗಿ ಗುಂಡಿ. ಮುನ್ನೂರು ವರ್ಷ ಹಳೇದಂತೆ."

"ಅದಕ್ಕೆ ಹೀಗೆ ಕುಣೀತಿದಾನಾ? ನಮ್ಮನೇಲಿ ಡಬ್ಬಿ ತುಂಬ ಇದೆಯಲ್ಲ, ಅವನಿಗೆ ಕಳಿಸು."

ಅತ್ತೆ ಮೊದಮೊದಲು ಈ ವಿಡಿಯೋಗಳನ್ನು ನೋಡುವುದು ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದರು. ಆಮೇಲೆ ಕುರ್ಚಿ ಗೋಡೆಯಿಂದ ಕಿಟಕಿಗೆ ಬಂತು, ಕಿಟಕಿಯಿಂದ ಮಿಷನ್ನಿನ ಕಡೆಗೆ ತಿರುಗಿತು. ಈಗ ಟೋಪಿ ಮಾವ ಒಂದು ವಾರ ಹೊಸ ವಿಡಿಯೋ ಹಾಕದಿದ್ದರೆ "ಅವನಿಗೆ ಮೈ ಹುಷಾರಿಲ್ವೇನೋ" ಎಂದು ಕೊರಗುತ್ತಾರೆ. ಹಳೆಯ ಕೋಟೆಗಳನ್ನು ತೋರಿಸುವ ಇನ್ನೊಬ್ಬ ಹುಡುಗನನ್ನು ಕಂಡರೆ ಮಾತ್ರ ಅವರಿಗೆ ಆಗುವುದಿಲ್ಲ. ಅವನು ಪಾಳುಬಿದ್ದ ಕೋಣೆಯೊಂದಕ್ಕೆ ನುಗ್ಗಿ ಪಿಸುದನಿಯಲ್ಲಿ, "ಇಲ್ಲೇ ರಾಣಿ ಮಲಗುತ್ತಿದ್ದಳು" ಎಂದರೆ ಸಾಕು, ಅತ್ತೆ ಶುರು.

"ಮಲಗ್ತಿದ್ಳಂತೆ! ಎದ್ದು ಏನು ಮಾಡ್ತಿದ್ಳು ಅಂತ ಒಬ್ಬನೂ ಹೇಳಲ್ಲ. ಇಷ್ಟು ದೊಡ್ಡ ಕೋಟೆ ಕಟ್ಟಿದಾರೆ, ಬಟ್ಟೆ ಒಣಹಾಕೋಕೆ ಜಾಗ ಎಲ್ಲಿ ಬಿಟ್ಟಿದಾರೆ? ಕೇಳು ಅವನನ್ನ."

ಅವಳು ನಕ್ಕಿದ್ದಳು. ಈ ಮನೆಗೆ ಬಂದ ಇಪ್ಪತ್ತೈದು ವರ್ಷಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ಬೆರಳು ಮಡಚಿ ಎಣಿಸಬಹುದಿತ್ತು. ಈ ಎರಡು ವರ್ಷದಲ್ಲಿ ಆ ಲೆಕ್ಕ ತಪ್ಪಿಹೋಗಿತ್ತು.

ಟೋಪಿ ಮಾವ ಗುಂಡಿಯನ್ನು ಜೇಬಿಗೆ ಹಾಕಿಕೊಂಡು, ತೋಡಿದ ಕುಳಿಗೆ ಮಣ್ಣು ತುಂಬಿ, ಹುಲ್ಲಿನ ಹೆಂಟೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು ಬೂಟಿನಿಂದ ಒತ್ತಿದ. ಅಗೆದದ್ದು ಗೊತ್ತಾಗದ ಹಾಗೆ ಮುಚ್ಚಬೇಕು ಎಂಬುದು ಅವನ ನಿಯಮ. ಅದನ್ನು ನೋಡಿದಾಗಲೆಲ್ಲ ಅವಳ ಬಲಗಾಲಿನ ಹಿಮ್ಮಡಿ ತಾನಾಗಿ ನೆಲವನ್ನು ಒತ್ತುತ್ತಿತ್ತು. ಇವತ್ತೂ ಒತ್ತಿತು. ಕಾಲು ಮಿಷನ್ನಿನ ಪೆಡಲ್ಲಿನ ಮೇಲಿದ್ದುದರಿಂದ ಸೂಜಿ ಬಟ್ಟೆಯಿಲ್ಲದೆಯೇ ಟರ್ರೆಂದು ಮೂರು ಸಲ ಕುಣಿಯಿತು.

ಆಗಲೇ ಹಿತ್ತಲ ಬಾಗಿಲು ತೆರೆಯಿತು. ಗಂಡ ನಿಂತಿದ್ದ. ಕೈಯಲ್ಲಿ ಉದ್ದ ಕೋಲು, ತುದಿಯಲ್ಲಿ ತಟ್ಟೆ, ಹಿಡಿಯ ಹತ್ತಿರ ಪುಟ್ಟ ಪರದೆ.

"ನೋಡೇ," ಎಂದ. "ನಿನ್ನ ಟೋಪಿಯವನದ್ದೇ ಮಿಷನ್ನು. ನಲ್ಲಿ ಕೆಲಸ ಮಾಡ್ತಾನಲ್ಲ ನಮ್ಮ ಗೆಳೆಯ, ಅವನದು. ಮಣ್ಣಲ್ಲಿ ಮುಚ್ಚಿಹೋಗಿರೋ ಪೈಪು, ವಾಲ್ವ್ ಹುಡುಕೋಕೆ ಇಟ್ಕೊಂಡಿದಾನೆ. ನಮ್ಮ ಹಿತ್ತಲಿನ ನೀರಿನ ವಾಲ್ವು ಕಾಂಕ್ರೀಟಿನಡಿ ಹೋಗೋ ಮೊದ್ಲು ಹುಡುಕಿ, ಸಂಜೆಯೊಳಗೆ ವಾಪಸ್ ಕೊಡ್ಬೇಕು."

ಅವಳ ಕೈಯ ಬ್ಲೇಡು ಬೇಕರಿಯವನ ಪ್ಯಾಂಟಿನಲ್ಲಿ ಒಂದು ಅಂಗುಲ ಜಾಸ್ತಿಯೇ ಓಡಿತು.

ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವ ಮಾತು ತಿಂಗಳಿಂದ ನಡೆದಿತ್ತು. ಗಂಡ ಫ್ರಿಜ್ಜು, ವಾಷಿಂಗ್ ಮಿಷನ್ನು ರಿಪೇರಿ ಮಾಡುವವನು. ಬಾಗಿಲು ಕಳಚಿದ ಫ್ರಿಜ್ಜುಗಳು ಹಜಾರದಲ್ಲಿ, ನಡುಮನೆಯಲ್ಲಿ, ಒಮ್ಮೊಮ್ಮೆ ಮಂಚದ ಪಕ್ಕದಲ್ಲೂ ನಿಂತಿರುತ್ತಿದ್ದವು. ಅವುಗಳಿಗೊಂದು ಶೆಡ್ಡು ಆಗಬೇಕು, ಶೆಡ್ಡಿಗೆ ಗಟ್ಟಿ ನೆಲ ಬೇಕು, ಅದಕ್ಕೆ ನಾಳೆ ಒಂಬತ್ತಕ್ಕೆ ಕಾಂಕ್ರೀಟಿನವರು ಬರುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ನಾಳೆಯಾದ ಮೇಲೆ ಹಿತ್ತಲು ಬಾಯಿಬಿಡುವಂತಿಲ್ಲ ಎಂದು ಅವಳು ಒಂದು ಬಗೆಯ ನೆಮ್ಮದಿಯಲ್ಲೇ ಇದ್ದಳು. ಬಾಯಿಬಿಡಿಸುವ ಯಂತ್ರವನ್ನು ಗಂಡ ಹಿಂದಿನ ದಿನವೇ ಹೊತ್ತು ತರುತ್ತಾನೆಂದು ಯಾರಿಗೆ ಗೊತ್ತಿತ್ತು?

ಹಿತ್ತಲಿನಲ್ಲಿ, ಬಟ್ಟೆ ತಂತಿಯ ಕಂಬಕ್ಕೂ ನಿಂಬೆಗಿಡಕ್ಕೂ ನಡುವೆ ಮಣ್ಣಿನಡಿ ಒಂದು ಬಂಗಾರದ ಉಂಗುರ ಇತ್ತು.

ಉಂಗುರ ಅತ್ತೆಯದು. ಮದುವೆಯಾದ ವಾರದಲ್ಲಿ ತಮ್ಮ ಬೆರಳಿನಿಂದ ತೆಗೆದು ಇವಳ ಬೆರಳಿಗೆ ಹಾಕಿದ್ದರು. ಬಿಗಿಯಾಗಿತ್ತು. ಗೆಣ್ಣು ದಾಟಿಸಲು ಸೋಪು ಬೇಕಾಗಿತ್ತು. "ಹಾಕ್ಕೊಂಡಿರು, ರೂಢಿಯಾಗುತ್ತೆ," ಎಂದಿದ್ದರು. ರೂಢಿಯಾದದ್ದು ಬೇರೆಯೇ. ಮನೆಗೆ ಯಾರೇ ಬರಲಿ, ಅತ್ತೆ ಇವಳ ಕೈಯನ್ನು ಎತ್ತಿ ಹಿಡಿದು, "ನಾನು ಕೊಟ್ಟಿದ್ದು" ಎಂದು ತೋರಿಸುವರು. ಹಿಟ್ಟು ಕಲಸುವ ಕೈಯಾದರೂ ಸರಿ, ಪಾತ್ರೆ ತಿಕ್ಕುವ ಕೈಯಾದರೂ ಸರಿ. ನಾಲ್ಕು ವರ್ಷ ಅವಳ ಕೈ ಊರವರು ನೋಡಿಹೋಗುವ ಕೈಯಾಗಿತ್ತು. ಉಂಗುರ ಅತ್ತೆಯದು, ಬೆರಳು ಇವಳದು, ಕೈ ಯಾರದು ಎಂದು ಯಾರೂ ಕೇಳಿರಲಿಲ್ಲ.

ಒಂದು ದಿನ ಬಟ್ಟೆ ಹರವುವಾಗ ಸೋಪಿನ ನೀರಿನಲ್ಲಿ ಅದು ಜಾರಿ ಬಿತ್ತು. ಒದ್ದೆ ಮಣ್ಣಿನಲ್ಲಿ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಬಗ್ಗಿ ಹೆಕ್ಕಿದ್ದರೆ ಮುಗಿಯುತ್ತಿತ್ತು. ಅವಳು ಬಗ್ಗಲಿಲ್ಲ. ಬಲಗಾಲಿನ ಹಿಮ್ಮಡಿಯನ್ನು ಅದರ ಮೇಲಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಇನ್ನೊಂದು ಬೆಡ್‌ಶೀಟು ಕೊಡವಿ ತಂತಿಗೆ ಹಾಕಿದಳು.

ಸಂಜೆ, "ಬಸ್ಸಿನಲ್ಲಿ ಕಳೆದುಹೋಯ್ತು" ಎಂದಳು. ಯಾವ ಬಸ್ಸು ಎಂದರು. ಬಾಯಿಗೆ ಬಂದದ್ದು ಹೇಳಿದಳು: ಹದಿನೇಳನೇ ನಂಬರ್. ಗಂಡ ಎರಡು ದಿನ ಡಿಪೋಗೆ ಅಲೆದ. ಅತ್ತೆ ಎರಡು ವಾರ ಮಾತು ಬಿಟ್ಟರು. ಮಾವ ಮಾತ್ರ, ಪಾಪದ ಮನುಷ್ಯ, ಪೇಪರಿನಿಂದ ತಲೆಯೆತ್ತದೆ, "ಹದಿನೇಳರ ಕಂಬಿ ಬಹಳ ಜಾರುತ್ತೆ. ಯಾರ ಉಂಗುರ ಆದ್ರೂ ಹೋಗುತ್ತೆ" ಎಂದಿದ್ದರು. ಅಂದಿನಿಂದ ಇವತ್ತಿನವರೆಗೆ ಅವಳ ಕೈಯಿಂದ ಲೋಟ ಜಾರಲಿ, ಚಮಚ ಕಾಣೆಯಾಗಲಿ, ಅತ್ತೆಯದು ಒಂದೇ ಮಾತು: "ಹುಡುಕು ಹುಡುಕು, ಬಸ್ಸು ಹತ್ತಿರಬೇಕು."

ಸುಳ್ಳಿಗೆ ಇಪ್ಪತ್ತೊಂದು ವರ್ಷವಾಗಿತ್ತು.

ಗಂಡ ಹಿತ್ತಲಿಗಿಳಿದ. ಅತ್ತೆಯ ಕುರ್ಚಿಯನ್ನು ಮೆಟ್ಟಿಲ ಬಳಿ ಹಾಕಿದ್ದಾಯಿತು. ಅವಳು ಬಾಗಿಲಲ್ಲಿ ನಿಂತಳು, ಕೈಯಲ್ಲಿ ಬೇಕರಿಯವನ ಪ್ಯಾಂಟು ಹಾಗೇ ಇತ್ತು.

"ಕೊಡಿ, ನಾನೊಂದು ಸಲ ಹಿಡೀತೀನಿ," ಎಂದಳು. ಭಯದಿಂದ ಕೇಳಿದಳೋ ಆಸೆಯಿಂದಲೋ ಅವಳಿಗೇ ತಿಳಿಯಲಿಲ್ಲ. ಎರಡೂ ಇತ್ತು.

"ಇದು ಮೊಬೈಲ್ ನೋಡಿದ ಹಾಗಲ್ಲ ಕಣೇ. ಸೂಕ್ಷ್ಮ ಮಿಷನ್ನು. ಸೆಟ್ಟಿಂಗು ಇರುತ್ತೆ."

ಸೆಟ್ಟಿಂಗನ್ನು ಅವನು ಬಹಳ ಗಂಭೀರವಾಗಿ ಮಾಡಿದ. ಪರದೆಯ ಗುಂಡಿಗಳನ್ನು ಒತ್ತಿ, "ನಮಗೆ ಬೇಕಾಗಿರೋದು ಕಬ್ಬಿಣದ ವಾಲ್ವು. ಬೇರೆ ಎಲ್ಲಾದ್ರ ಬಾಯಿ ಮುಚ್ಚಿಸಿದೀನಿ. ಸುಮ್ನೆ ಮುಚ್ಚಳ, ಬೆಳ್ಳಿಕಾಗದ ಅಂತ ಕಿರುಚ್ತಾ ಇದ್ರೆ ಕೆಲಸ ಆಗಲ್ಲ" ಎಂದು ವಿವರಿಸಿದ.

ಅವಳು ಬಾಗಿಲಿಗೆ ಒರಗಿ ನೆಮ್ಮದಿಯಿಂದ ಪ್ಯಾಂಟಿನ ದಾರದ ಚೂರು ಹೆಕ್ಕತೊಡಗಿದಳು. ಟೋಪಿ ಮಾವ ನೂರು ಸಲ ಹೇಳಿದ ಪಾಠ ಅದು. ಕಬ್ಬಿಣದ್ದು ಕೆಳಗಿನ ಸ್ವರ, ಬೆಳ್ಳಿ ತಾಮ್ರದ್ದು ಮೇಲಿನದು. ಬಂಗಾರದ ಉಂಗುರ, ಡಬ್ಬಿ ಮುಚ್ಚಳ, ಬೆಳ್ಳಿಕಾಗದ, ಮೂರೂ ನಡುವಿನ ಸ್ವರ. ಕಸ ಕೂಗುವುದು ಬೇಡವೆಂದು ನಡುವಿನದನ್ನು ಮುಚ್ಚಿಸಿದವನು ಬಂಗಾರದ ಬಾಯನ್ನೂ ಮುಚ್ಚಿಸಿದಂತೆ. ಗಂಡ ಉಂಗುರದ ಮೇಲೆ ಹತ್ತು ಸಲ ಬೀಸಿದರೂ ಅದು ಉಸಿರೆತ್ತುವುದಿಲ್ಲ. ಊರಿನ ಎಲ್ಲ ಯಂತ್ರದ ಹೊಟ್ಟೆ ಬಲ್ಲ ಗಂಡನಿಗೆ ಇದು ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ ಎಂಬುದು ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಅನುಕೂಲವಾಯಿತು.

ಅತ್ತೆ ಕುರ್ಚಿಯಿಂದಲೇ ಮೇಸ್ತ್ರಿಕೆ ಶುರುಮಾಡಿದರು.

"ಅಷ್ಟು ಮೇಲೆ ಎತ್ತಬೇಡ್ವೋ. ಟೋಪಿಯವನು ನೆಲ ಸವರೋ ಹಾಗೆ ಬೀಸ್ತಾನೆ. ನೀನು ನೊಣ ಓಡಿಸೋ ಹಾಗೆ ಬೀಸ್ತಿದೀಯ."

"ಅಮ್ಮಾ, ನನಗೆ ಗೊತ್ತು."

"ಗೊತ್ತು ಗೊತ್ತು. ಮಿಷನ್ನಿಗೆ ಗೊತ್ತಾಗ್ಬೇಕಲ್ಲ."

ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಒಂಬತ್ತು ಮೊಳೆ, ಬಾಗಿಲಿನ ಒಂದು ಕೀಲು, ಗಂಡ ಎರಡು ವರ್ಷದ ಹಿಂದೆ ಕಳೆದು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಿದ್ದ ಸ್ಪ್ಯಾನರು. ಅದನ್ನು ಅವನು ಯಾರೂ ನೋಡದ ಹಾಗೆ ಜೇಬಿಗೆ ಇಳಿಬಿಟ್ಟ. ಅತ್ತೆ ನೋಡಿದರು. ವಾಲ್ವೂ ಸಿಕ್ಕಿತು, ಗೋಡೆಯ ಪಕ್ಕದಲ್ಲೇ. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಕೈಗೆ ಬಂದ ಯಂತ್ರವನ್ನು ಬಿಡುವ ಮನಸ್ಸು ಯಾವ ಗಂಡಸಿಗಿದೆ? "ಸುಮ್ನೆ ಒಂದು ರೌಂಡು," ಎಂದು ನಿಂಬೆಗಿಡದ ಕಡೆ ತಿರುಗಿದ.

ಬಟ್ಟೆಕಂಬ ದಾಟಿದ. ಯಂತ್ರ ಸುಮ್ಮನಿತ್ತು. ಇನ್ನೆರಡು ಹೆಜ್ಜೆ. ಸುಮ್ಮನಿತ್ತು. ಗಿಡದ ಬುಡಕ್ಕೆ ಬಂದದ್ದೇ ತಡ, ಗೊರಗೊರ ಗೊರಗೊರ ಎಂದು ಹೊಟ್ಟೆ ಕೆಟ್ಟವನ ಹಾಗೆ ಕೂಗತೊಡಗಿತು.

ಮೊಣಕೈ ಆಳದಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಗಂಟಲು ಕೆರೆತಕ್ಕೆ ಚೀಪುವ ಗುಳಿಗೆಯ ಹಳೆಯ ಡಬ್ಬಿ. ಮುಚ್ಚಳಕ್ಕೆ ಸುತ್ತಿದ ಟೇಪು ಕರಗಿ ಅಂಟಾಗಿತ್ತು. ಗಂಡ ಸ್ಕ್ರೂಡ್ರೈವರಿನಿಂದ ಮೀಟಿ ತೆರೆದ. ಒಳಗೆ ನಾಲ್ಕಾಗಿ ಮಡಚಿದ ಕರ್ಚೀಫು. ಕರ್ಚೀಫಿನೊಳಗೆ ಮೇಲಿನದೊಂದು, ಕೆಳಗಿನದೊಂದು, ಪೂರ್ತಿ ಹಲ್ಲುಸೆಟ್ಟು ನಗುತ್ತಿತ್ತು.

ಗಂಡ ಅದನ್ನು ಡಬ್ಬಿಯ ಸಮೇತ ಅತ್ತೆಯ ಮಡಿಲಿಗೆ ತಂದಿಟ್ಟ.

"ಅಪ್ಪಂದು," ಎಂದ ಗಂಡ.

ಮಾವ ಹೋಗಿ ಆರು ವರ್ಷವಾಗಿತ್ತು. ಹಲ್ಲುಸೆಟ್ಟು ಕಳೆದದ್ದು ಅದಕ್ಕೂ ಬಹಳ ಮೊದಲು, ಉಂಗುರ ಹೋಗಿ ಎರಡು ವರ್ಷಕ್ಕೆ. ಅತ್ತೆ ಹಟ ಹಿಡಿದು ಕಟ್ಟಿಸಿದ ಸೆಟ್ಟು. ಅದು ಬಾಯಿಗೆ ಬಂದ ಮೂರನೇ ತಿಂಗಳಿಗೆ ಮಾವ ಬೋಳುಬಾಯಿಯಲ್ಲಿ ಮನೆಗೆ ಬಂದಿದ್ದರು. ಸೀನು ಬಂತಂತೆ, ಕಿಟಕಿ ತೆರೆದಿತ್ತಂತೆ, ಹಲ್ಲು ಹಾರಿಹೋಯಿತಂತೆ. ಯಾವ ಬಸ್ಸು ಎಂದು ಅತ್ತೆ ಕೇಳಿದ್ದರು. ಹದಿನೇಳನೇ ನಂಬರ್ ಎಂದಿದ್ದರು ಮಾವ, ಸೊಸೆಯ ಕಡೆ ನೋಡದೆ.

ಅವಳಿಗೆ ಈಗ ಹೊಳೆಯಿತು. ಮಾವ ದಿನಾ ಬೆಳಿಗ್ಗೆ ಪೇಪರು ಹಿಡಿದು ಕೂರುತ್ತಿದ್ದದ್ದು ಇದೇ ಮೆಟ್ಟಿಲ ಮೇಲೆ. ಇಲ್ಲಿಂದ ಬಟ್ಟೆಕಂಬ ಕಾಣುತ್ತದೆ. ಕಂಬದ ಕೆಳಗಿನ ಮಣ್ಣೂ ಕಾಣುತ್ತದೆ, ಮಣ್ಣಿನ ಮೇಲಿನ ಹಿಮ್ಮಡಿಯೂ. ಅಯ್ಯೋ ಮಹಾರಾಯ, ನೋಡಿದ್ದಿರಾ? ನೋಡಿ, ಎರಡು ವರ್ಷ ಯೋಚನೆ ಮಾಡಿ, ಅದೇ ಹಿತ್ತಲು, ಅದೇ ಬಸ್ಸು! ಅವಳಿಗೆ ನಗು ಒತ್ತಿಬಂದು ಪ್ಯಾಂಟನ್ನು ಬಾಯಿಗೆ ಅಡ್ಡ ಹಿಡಿದಳು.

ಅತ್ತೆ ಹಲ್ಲುಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕರ್ಚೀಫಿನಿಂದಲೇ ಒರೆಸುತ್ತಿದ್ದರು.

"ಹದಿನೇಳನೇ ನಂಬರ್ ಬಸ್ಸು," ಎಂದರು ನಿಧಾನಕ್ಕೆ, "ನಮ್ಮ ಹಿತ್ತಲಲ್ಲೇ ಓಡಾಡ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ."

ಗಂಡ ಹೋ ಎಂದು ನಕ್ಕ. ಅವಳ ನಗು ನಿಂತಿತು. ಅತ್ತೆಯ ಕಣ್ಣು ಹಲ್ಲಿನ ಮೇಲಿರಲಿಲ್ಲ. ಪ್ಯಾಂಟು ಹಿಡಿದ ಅವಳ ಕೈಯ ಮೇಲಿತ್ತು.

"ಹಲ್ಲಿನ ಡಾಕ್ಟರ ಹತ್ರ ಅಚ್ಚು ಕೊಡ್ಸೋಕೆ ಮೂರು ಸಲ ನಾನೇ ಕರ್ಕೊಂಡು ಹೋಗಿದ್ದೆ," ಎಂದರು ಅತ್ತೆ. ಯಾರಿಗೆ ಹೇಳುತ್ತಿದ್ದರೋ. "ನೋವಾಗುತ್ತೆ ಅಂತ ಒಂದು ಮಾತು ಹೇಳಿದ್ರೆ ನಾನೇನು ತಿಂದ್ಬಿಡ್ತಿದ್ನಾ?"

"ಹೇಳಿರ್ತಾರೆ ಬಿಡಮ್ಮ."

"ಹೇಳಿದ್ರು." ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅದು ಕೂರಲಿಲ್ಲ, ಮತ್ತೆ ಒತ್ತಿದರು. "ಹಾಕ್ಕೊಂಡಿರಿ, ರೂಢಿಯಾಗುತ್ತೆ ಅಂದೆ."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವಳಿಗೆ ಇಪ್ಪತ್ತೊಂದು ವರ್ಷಗಳಲ್ಲಿ ಎಂದೂ ಆಗದ ಒಂದು ಕಸಿವಿಸಿಯಾಯಿತು. ಅತ್ತೆಯ ಮೇಲಿನ ಸಿಟ್ಟನ್ನು ಅವಳು ಚೆನ್ನಾಗಿ ನೋಡಿಕೊಂಡಿದ್ದಳು. ಎಣ್ಣೆ ಹಾಕಿ, ಧೂಳು ಒರೆಸಿ, ಹೊಲಿಗೆ ಮಿಷನ್ನಿನ ಹಾಗೆ. ಅತ್ತೆಗೆ ತಮ್ಮ ಮಾತು ಹೀಗೆ ನೆನಪಿರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ. ಕೊಡುವವರು ಕೊಟ್ಟು ಮರೆಯುತ್ತಾರೆ, ಹೊರುವವರು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ ಎಂದು ಅವಳ ಲೆಕ್ಕವಾಗಿತ್ತು.

ಗಂಡನ ಫೋನು ಬಡಿದುಕೊಂಡಿತು. ಯಾರದೋ ಫ್ರಿಜ್ಜಿನಿಂದ ನೀರು ಸುರಿದು ನೆಲವೆಲ್ಲ ಕೆರೆಯಾಗಿತ್ತು. ಅವನು ಯಂತ್ರವನ್ನು ಗೋಡೆಗೆ ಒರಗಿಸಿ ಮಾತಾಡುತ್ತಾ ಒಳಗೆ ನಡೆದ.

"ತಗೋ," ಎಂದರು ಅತ್ತೆ. "ಎರಡು ವರ್ಷದಿಂದ ನೋಡ್ತಿದೀಯ. ಅವನಿಗಿಂತ ನಿನಗೆ ಚೆನ್ನಾಗಿ ಗೊತ್ತು. ಹಿಡಿ ಹೋಗು."

ಯಂತ್ರ ಅವಳು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಹಿಡಿ ಗಂಡನ ಬೆವರಿನಿಂದ ಒದ್ದೆಯಾಗಿತ್ತು. ಸೀರೆಯ ಸೆರಗಿನಿಂದ ಒರೆಸಿದಳು. ಪರದೆಯಲ್ಲಿ ಗಂಡನ ಸೆಟ್ಟಿಂಗು ಹಾಗೇ ಇತ್ತು. ಬದಲಾಯಿಸದಿದ್ದರೆ ಹಿತ್ತಲೆಲ್ಲ ಬೀಸಿ ಬಂದು, "ಏನಿಲ್ಲ ಅತ್ತೆ" ಎನ್ನಬಹುದು. ನಾಳೆ ಒಂಬತ್ತಕ್ಕೆ ಕಾಂಕ್ರೀಟು. ಬಸ್ಸು ಹದಿನೇಳು ಶಾಶ್ವತವಾಗಿ ಡಿಪೋ ಸೇರುತ್ತದೆ.

ಬೆನ್ನ ಮೇಲೆ ಅತ್ತೆಯ ನೋಟ ಕೂತಿತ್ತು. ಅವಳು ಹೆಬ್ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿ, ಗಂಡ ಮುಚ್ಚಿಸಿದ ಬಾಯಿಗಳನ್ನೆಲ್ಲ ತೆರೆದಳು.

ಹಿತ್ತಲು ಸಂತೆಯಾಯಿತು. ಹೆಜ್ಜೆಗೊಂದು ಕೂಗು. ಇಷ್ಟು ವರ್ಷ ಕಾಲಡಿಯಲ್ಲಿ ಇಷ್ಟೊಂದು ಗಲಾಟೆ ಇತ್ತೇ ಎಂದು ಬೆರಗಾಗುತ್ತಾ, ನೆಲ ಸವರುವ ಹಾಗೆ, ಟೋಪಿ ಮಾವನ ಹಾಗೆ, ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬೀಸುತ್ತಾ ನಡೆದಳು. ಕಂಬದಿಂದ ಮೂರು ಹೆಜ್ಜೆ. ಅಲ್ಲಿ ಒಂದು ಸ್ವರ ಬಂತು. ನಡುವಿನದು. ಬೇರೆ ಕೂಗುಗಳ ಹಾಗೆ ಹರಕು ಮುರುಕಾಗಿರಲಿಲ್ಲ. ಒಂದೇ ಎಳೆ, ಹೊಸ ದಾರದ ಹಾಗೆ. ತಟ್ಟೆಯನ್ನು ಅಡ್ಡ ಬೀಸಿದಳು, ಉದ್ದಕ್ಕೆ ಬೀಸಿದಳು. ಅದೇ ಸ್ವರ, ಪರದೆಯಲ್ಲಿ ಅದೇ ಅಂಕಿ.

"ಏನದು?" ಎಂದರು ಅತ್ತೆ.

"ಏನೋ ಮುಚ್ಚಳ ಇರ್ಬೇಕು, ಅತ್ತೆ."

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಎರಡು ವರ್ಷ ಟೋಪಿ ಮಾವನ ಪಾಠ ಕೇಳಿದ ಕಿವಿ ಅದು.

"ಹೂಂ," ಎಂದರು. "ಮುಚ್ಚಳವೂ ಹಾಗೇ ಕೂಗುತ್ತೆ."

ಅವಳು ತಂತಿಯಿಂದ ಒಂದು ಕೆಂಪು ಕ್ಲಿಪ್ಪು ತೆಗೆದು ಆ ಜಾಗದಲ್ಲಿ ಮಣ್ಣಿಗೆ ಚುಚ್ಚಿದಳು.

"ಮುಚ್ಚಳಕ್ಕೆ ಗುರುತು ಯಾಕೆ?"

"ಕಾಂಕ್ರೀಟಿನವರಿಗೆ ಕಾಲಿಗೆ ಗೀಲಿಗೆ ಚುಚ್ಚೀತು ಅಂತ."

"ಓಹೋ, ಅವರು ಬರಿಗಾಲಲ್ಲಿ ಬರ್ತಾರಾ?" ಎಂದರು ಅತ್ತೆ. ಉತ್ತರಕ್ಕೆ ಕಾಯಲಿಲ್ಲ. ಹಲ್ಲಿನ ಡಬ್ಬಿಯನ್ನು ಎದೆಗೊತ್ತಿಕೊಂಡು, ಚೌಕಟ್ಟು ಹಿಡಿದು ಎದ್ದು ಒಳಗೆ ಹೋದರು.

ಗಂಡ ಯಂತ್ರವನ್ನು ಬೈಕಿಗೆ ಕಟ್ಟಿಕೊಂಡು ಹೊರಟ. ಹೊರಡುವ ಮುನ್ನ ಪರದೆ ನೋಡಿ, "ಯಾರು ಸೆಟ್ಟಿಂಗು ಹಾಳು ಮಾಡಿದ್ದು?" ಎಂದು ಕೂಗಿದ. ಒಳಗಿನಿಂದ ಅತ್ತೆ, "ನಾನೇ ಕಣೋ, ಕೈ ತಾಗ್ತು" ಎಂದರು. ಕುರ್ಚಿಯಲ್ಲಿ ಕೂತಿದ್ದವರ ಕೈ ಯಂತ್ರದವರೆಗೆ ಹೇಗೆ ತಾಗಿತು ಎಂದು ಅವನು ಕೇಳಲಿಲ್ಲ.

ಅವಳು ಮಿಷನ್ನಿನ ಮುಂದೆ ಕೂತು ಹೊಸ ಜಿಪ್ಪಿಗೆ ಗುಂಡುಪಿನ್ನು ಚುಚ್ಚತೊಡಗಿದಳು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು, ಕೆಂಪು ಕ್ಲಿಪ್ಪು ಇಲ್ಲಿಂದಲೂ ಕಾಣುತ್ತಿತ್ತು. ಕಾಂಕ್ರೀಟಿನವರು ಒಂಬತ್ತಕ್ಕೆ. ಗಂಡ ಏಳುವುದು ಏಳಕ್ಕೆ. ಆರಕ್ಕೆ ಅವಳು ಬಟ್ಟೆ ಹರವಲು ಹೋಗುತ್ತಾಳೆ. ಬಕೆಟ್ಟಿನಲ್ಲಿ ಒಂದು ಚಮಚ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಅಗೆದದ್ದು ಕಾಣದ ಹಾಗೆ ಮುಚ್ಚುವುದು ಅವಳಿಗೆ ಬರುತ್ತದೆ. ಉಂಗುರ ಆ ಬೆರಳಿಗೆ ಬಿಗಿಯಾದರೆ ಕಿರುಬೆರಳಿಗೆ ಹಾಕಿಕೊಂಡರಾಯಿತು. ಅಂದು ಅದು ಅತ್ತೆ ಕೊಟ್ಟದ್ದು. ನಾಳೆ ಅವಳಿಗೆ ಸಿಕ್ಕಿದ್ದು. ಅತ್ತೆ ಕೈ ಎತ್ತಿ ಹಿಡಿಯಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಮೆಲ್ಲಗೆ. ಬರದಿದ್ದರೆ, ಆಮೇಲೆ ಒಂದು ದಿನ ತಾನೇ ಕೈ ಚಾಚಿ ತೋರಿಸಿದರೂ ತೋರಿಸಬಹುದು. ಅದನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ.

"ಏನೇ ಒಬ್ಬಳೇ ನಗ್ತಿದೀಯ?" ಎಂದರು ಅತ್ತೆ, ಕುರ್ಚಿಯನ್ನು ಮಿಷನ್ನಿನ ಕಡೆಗೆ ಎಳೆಯುತ್ತಾ.

"ಬೇಕರಿಯವನ ಹೊಟ್ಟೆ, ಅತ್ತೆ. ಮತ್ತೆ ಒಂದು ಇಂಚು ಬಿಡಬೇಕು," ಎಂದು ಅವಳು ಟೋಪಿ ಮಾವನ ಮುಂದಿನ ವಿಡಿಯೋ ಹಾಕಿದಳು.